ಜುಲೈ ನಾಲ್ಕಕ್ಕೆ ಅಪ್ಪ ಅಮ್ಮನನ್ನು ಬೆಟ್ಟದೂರಿಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಪಕ್ಕದ ಊರಲ್ಲಿದ್ದೇವೆ. ಜೂನ್ 28ಕ್ಕೆ ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 68 ವರ್ಷ. ಬಿಪಿ, ಶುಗರ್ ಎರಡೂ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಅಮ್ಮನಿಗೆ ಮಂಡಿ ನೋವು. ಜುಲೈ 4ಕ್ಕೆ, ಅಂದರೆ ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ, ಎಲ್ಲರೂ ಎಸ್ಟೆಸ್ ಪಾರ್ಕ್ ಅನ್ನುವ ಬೆಟ್ಟದೂರಿಗೆ ಹೋಗಿ ಬೆಟ್ಟಗಳ ನಡುವೆ ಪಟಾಕಿ ನೋಡೋಣ ಅಂತ ಆಸೆ. ಹತ್ತು ವರ್ಷದ ಮಗನಿಗೆ ತಾನೇ ರಾಕೆಟ್ ಬಿಡಬೇಕಂತೆ. ಐದು ವರ್ಷದ ಮಗಳಿಗೆ ಢಂ ಅಂದರೆ ಸಾಕು, ಅಳು. ಎತ್ತರದಿಂದ ಅಪ್ಪನಿಗೆ ತೊಂದರೆ ಆಗುತ್ತಾ? ಪಟಾಕಿ ತಗೊಂಡು ಹೋಗಬಹುದಾ? ಒಟ್ಟು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ಧಾರಾಳವಾಗಿ ಹೋಗಿ. ಆದರೆ ಪಟಾಕಿ ನೋಡೋದಕ್ಕೆ ಅಂತ ಹೋಗಬೇಡಿ. ಎರಡು ರಾತ್ರಿ ಬೆಟ್ಟದ ಊರಲ್ಲಿ ಇರೋದಕ್ಕೆ ಹೋಗಿ, ಪಟಾಕಿ ಆದರೆ ಆಯಿತು. ಸುಮ್ನೆ ಹೇಳುವ ಮಾತಲ್ಲ ಇದು. ನಾನು ಹಲವು ಬೇಸಿಗೆಗಳಿಂದ ಈ ಬೆಟ್ಟಗಳಲ್ಲಿ ಗೈಡ್ ಕೆಲಸ ಮಾಡುತ್ತಿದ್ದೇನೆ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು, ಅತ್ತೆ ಮಾವಂದಿರನ್ನು ಕರೆದುಕೊಂಡು ಹೋಗುವವರೇ ನನ್ನ ಹತ್ತಿರ ಜಾಸ್ತಿ ಬರುವುದು. ಆ ದಿನ ಕೆಡುವುದು ಎರಡೇ ಕಾರಣಕ್ಕೆ. ಒಂದು ಎತ್ತರ. ಇನ್ನೊಂದು, 'ಒಣ ಹವೆ, ಬೆಂಕಿಯ ಅಪಾಯ, ಈ ಸಲ ಪಟಾಕಿ ಇಲ್ಲ' ಅನ್ನುವ ಒಂದು ಸಾಲಿನ ಪ್ರಕಟಣೆ. ಎರಡನೆಯದು ನಮ್ಮ ಕೈಯಲ್ಲಿಲ್ಲ. ಮೊದಲನೆಯದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಅದರಿಂದಲೇ ಶುರು ಮಾಡೋಣ.

ತೀರ್ಥಹಳ್ಳಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಮಡಿಕೇರಿ 1,170ರ ಆಸುಪಾಸು. ನಿಮ್ಮ ಡೆನ್ವರ್ 1,609. ಅಂದರೆ ಅಪ್ಪ ನಿಮ್ಮ ಮನೆ ಸೋಫಾದಲ್ಲಿ ಕೂತಿದ್ದರೂ ಮಡಿಕೇರಿಗಿಂತ ಮೇಲೆಯೇ ಕೂತಿರುತ್ತಾರೆ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಎಸ್ಟೆಸ್ ಪಾರ್ಕ್ ಊರು ಅದಕ್ಕಿಂತಲೂ ಮೇಲೆ, 2,293 ಮೀಟರ್. ಹೆಚ್ಚುಕಡಿಮೆ ಊಟಿಯ ಎತ್ತರ. ಅಪ್ಪ ಎಂದಾದರೂ ಊಟಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದಾರಾ ಕೇಳಿ. ಹೋಗಿ ಆರಾಮಾಗಿದ್ದರೆ ಅದೊಂದು ಒಳ್ಳೆಯ ಸುಳಿವು. ಆದರೆ ಅದೇ ಗ್ಯಾರಂಟಿ ಅಂತ ಹಿಡಿದುಕೊಳ್ಳಬೇಡಿ. ವಯಸ್ಸು ಅಂದಿನದಲ್ಲ, ಹವೆಯೂ ಅಲ್ಲಿನದಲ್ಲ.

ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಪಾಲು ಮಾತ್ರ. ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಎಲ್ಲ ಕಡೆಯೂ ಅಷ್ಟೇ, ಗಾಳಿಯೇ ತೆಳು. ಇದು ಕಣ್ಣಿಗೆ ಕಾಣಬೇಕಾ? ಮನೆಯಿಂದ ಹೊರಡುವಾಗ ಒಂದು ಚಿಪ್ಸ್ ಪ್ಯಾಕೆಟ್ ಮಗನ ಕೈಗೆ ಕೊಡಿ. ಎಸ್ಟೆಸ್ ಪಾರ್ಕ್ ಮುಟ್ಟುವಷ್ಟರಲ್ಲಿ ಅದು ಬಲೂನಿನ ಹಾಗೆ ಊದಿಕೊಂಡಿರುತ್ತದೆ. ಒಳಗಿನ ಗಾಳಿ ನಿಮ್ಮ ಮನೆಯದು, ಹೊರಗಿನದು ಬೆಟ್ಟದ್ದು. ನನ್ನ ಜೊತೆ ಬಂದ ಒಬ್ಬ ಅಜ್ಜಿ ಆ ಪ್ಯಾಕೆಟ್ ನೋಡಿ, 'ಹಾಳಾಗಿದೆ, ಬಿಸಾಕು' ಅಂದಿದ್ದರು.

ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಎಸ್ಟೆಸ್ ಪಾರ್ಕ್ ಅದಕ್ಕೆ ಸ್ವಲ್ಪ ಕೆಳಗೇ ಇದೆ. ಕೆಲವರಿಗೆ ಅಲ್ಲೂ ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಆಗುತ್ತದೆ, ಬಹುಪಾಲು ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ನಿಮ್ಮ ಅದೃಷ್ಟಕ್ಕೆ ಅಪ್ಪ ಅಮ್ಮ ಜೂನ್ 28ಕ್ಕೇ ಬರುತ್ತಿದ್ದಾರೆ. ಅಲ್ಲಿಂದ ಜುಲೈ 3ರವರೆಗೆ ಡೆನ್ವರ್‌ನಲ್ಲಿ ಇರುವ ಐದು ದಿನವೇ ಅರ್ಧ ಔಷಧಿ. ಆ ದಿನಗಳಲ್ಲಿ ಅವರನ್ನು ಎಲ್ಲೂ ಮೇಲೆ ಓಡಾಡಿಸಬೇಡಿ. ನಿದ್ದೆಯ ಲೆಕ್ಕ ಸರಿಹೋಗಲಿ. ನೀರು ಕುಡಿಯಲಿ. ಇಲ್ಲಿನ ಹವೆ ತೀರಾ ಒಣ. ಆಗುಂಬೆ ಮಳೆಯಲ್ಲಿ ಬೆಳೆದವರಿಗೆ ಬೆವರು ಬಂದಿದ್ದೂ ಗೊತ್ತಾಗುವುದಿಲ್ಲ, ಆರಿದ್ದೂ ಗೊತ್ತಾಗುವುದಿಲ್ಲ. ತುಟಿ ಒಡೆಯುತ್ತದೆ, ಮೂಗಿನಲ್ಲಿ ಸ್ವಲ್ಪ ರಕ್ತ ಕಾಣಿಸಬಹುದು. ರಾತ್ರಿ ಮೂಗಿಗೆ ಒಂದಿಷ್ಟು ವ್ಯಾಸಲಿನ್ ಸವರಿಕೊಳ್ಳಲಿ.

ನಾನು ವೈದ್ಯನಲ್ಲ. ಅಪ್ಪನ ಮಾತ್ರೆಗಳ ಬಗ್ಗೆ ಊರಲ್ಲೇ ಅವರ ಡಾಕ್ಟರನ್ನು ಕೇಳಿಕೊಂಡು ಬರಲಿ. ಕೇಳಬೇಕಾದ್ದು ಮೂರು. ಮೊದಲ ದಿನಗಳಲ್ಲಿ ಎತ್ತರದಲ್ಲಿ ಬಿಪಿ ಕೊಂಚ ಏರುವುದುಂಟು, ಏರಿದರೆ ಏನು ಮಾಡಬೇಕು? ಬಿಪಿಗೆ ಮೂತ್ರ ಜಾಸ್ತಿ ಹೋಗುವ ಮಾತ್ರೆ ಕೊಟ್ಟಿದ್ದಾರಾ, ಈ ಒಣ ಹವೆಯಲ್ಲಿ ಅದು ಹಾಗೇ ಮುಂದುವರಿಯಲಾ? ಎತ್ತರಕ್ಕೆ ಅಂತ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ? ಸಲ್ಫಾ ಅಲರ್ಜಿ ಇದ್ದರೆ ಅದನ್ನು ಮೊದಲೇ ಹೇಳಬೇಕು. ಪಕ್ಕದ ಮನೆಯವರು ಕೊಟ್ಟರು ಅಂತ ಡಯಾಮಾಕ್ಸ್ ನುಂಗಿಸಬೇಡಿ. ನಿದ್ದೆ ಮಾತ್ರೆಯನ್ನೂ ತಾವಾಗಿ ತೆಗೆದುಕೊಳ್ಳುವುದು ಬೇಡ, ಮೇಲೆ ಹೋದಾಗ ಅದು ಉಸಿರನ್ನು ಇನ್ನೂ ನಿಧಾನ ಮಾಡಬಹುದು.

ಒಂದು ನಿಯಮ ಮಾತ್ರ ನೆನಪಿಡಿ. ಬೆಟ್ಟದ ಮೇಲೆ ತಲೆನೋವು ಬಂತಾ, ಬೇರೆ ಕಾರಣ ಸಿಗುವ ತನಕ ಅದು ಎತ್ತರದ್ದೇ. ಇನ್ನೂ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಮಾತು ತೊದಲುವುದು, ನೇರ ಗೆರೆ ಮೇಲೆ ನಡೆಯೋಕೆ ಆಗದಿರುವುದು ಕಂಡರೆ ತಡ ಮಾಡದೆ ಕೆಳಗೆ ಇಳಿಸಿ, 911ಕ್ಕೆ ಫೋನ್ ಮಾಡಿ. ನಮ್ಮ ಹಿರಿಯರ ಕಷ್ಟ ಏನು ಗೊತ್ತಾ? ಹೇಳುವುದೇ ಇಲ್ಲ. 'ಏನಿಲ್ಲ ಮಗಾ, ಸ್ವಲ್ಪ ಪಿತ್ತ' ಅಂದುಬಿಡುತ್ತಾರೆ. ಮಕ್ಕಳ ಖುಷಿ ಕೆಡಬಾರದು ಅಂತ. ನಮ್ಮ ಮಾವನೂ ಹಾಗೇ ಅಂದರು. ಅವರು ಬಂದ ಮಾರನೇ ದಿನವೇ ನಾನು ಜಂಬದಿಂದ ಎಸ್ಟೆಸ್ ಪಕ್ಕದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟ ಹತ್ತುವ ಟ್ರೇಲ್ ರಿಡ್ಜ್ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಆ ರಸ್ತೆಯ ಅತಿ ಎತ್ತರದ ಜಾಗ 3,713 ಮೀಟರ್. ಊಟಿಯ ದೊಡ್ಡಬೆಟ್ಟಕ್ಕಿಂತ ಒಂದು ಕಿಲೋಮೀಟರಿಗೂ ಜಾಸ್ತಿ ಮೇಲೆ. ಕಾರಿನಿಂದ ಇಳಿದು ಹತ್ತು ಹೆಜ್ಜೆ ಹಾಕಿದರು, ಬಂಡೆ ಹಿಡಿದು ನಿಂತರು. 'ಪಿತ್ತ' ಅಂದರು. ವಾಂತಿ ಆಯಿತು. ಕೆಳಗೆ ಇಳಿದ ಮೇಲೆ ಸುಧಾರಿಸಿಕೊಂಡರು, ಆದರೆ ಅವತ್ತಿನ ಪಟಾಕಿಯನ್ನು ಮೋಟೆಲ್ ಕೋಣೆಯ ಗೋಡೆಯಾಚೆಯಿಂದ ಬರೀ ಕೇಳಿಸಿಕೊಂಡರು. ಗೈಡ್ ಅಳಿಯ!

ಅದಕ್ಕೇ ನಿಮಗೆ ಹೇಳುವುದು: ಟ್ರೇಲ್ ರಿಡ್ಜ್ ಬೇಕಾದರೆ ಐದನೇ ತಾರೀಕಿಗೆ ಇಟ್ಟುಕೊಳ್ಳಿ, ಎಸ್ಟೆಸ್‌ನಲ್ಲಿ ಎರಡು ರಾತ್ರಿ ಮಲಗಿದ ಮೇಲೆ. ಪೂರ್ತಿ ಹೋಗಲೇಬೇಕು ಅಂತಿಲ್ಲ. ಮೆನಿ ಪಾರ್ಕ್ಸ್ ಕರ್ವ್ ಅಂತ ಒಂದು ತಿರುವು ಇದೆ, 2,900 ಮೀಟರ್ ಚಿಲ್ಲರೆ ಎತ್ತರದಲ್ಲಿ. ಅಲ್ಲಿ ಕಾರು ನಿಲ್ಲಿಸಿದರೆ ಕೆಳಗಿನ ಕಣಿವೆಗಳೆಲ್ಲ ಕಾಣುತ್ತವೆ. ಅಪ್ಪ ಚೆನ್ನಾಗಿದ್ದರೆ ಮುಂದೆ ಹೋಗಿ, ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್.

ಇನ್ನು ಪಟಾಕಿ.

ಮೊದಲು ಅಪ್ಪನಿಗೆ ಒಂದು ಫೋನ್ ಮಾಡಿ. ಮೊಮ್ಮಗ ಕೇಳಿದ ಅಂತ ಬ್ಯಾಗಿನಲ್ಲಿ ಒಂದು ಪೊಟ್ಟಣ ಸುರ್‌ಸುರ್ ಬತ್ತಿ ಇಟ್ಟುಕೊಂಡು ಬರದಿರಲಿ. ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ, ಯಾವ ಪಟಾಕಿಗೂ ಅವಕಾಶ ಇಲ್ಲ. ತಮಾಷೆಗೆ ಹೇಳುತ್ತಿಲ್ಲ, ಅಜ್ಜಂದಿರು ತರುತ್ತಾರೆ.

ಕೊಲರಾಡೊ ಕಾನೂನನ್ನು ನಮ್ಮ ದೀಪಾವಳಿ ಭಾಷೆಯಲ್ಲಿ ಹೇಳುವುದು ಸುಲಭ. ನೆಲ ಬಿಟ್ಟು ಏಳುವುದು ಮತ್ತು ಸಿಡಿಯುವುದು ಖಾಸಗಿ ಜನರಿಗೆ ನಿಷಿದ್ಧ. ರಾಕೆಟ್ ಇಲ್ಲ. ಸರ ಪಟಾಕಿ ಇಲ್ಲ. ಆಟಂ ಬಾಂಬ್ ಅಂತೂ ಕನಸಲ್ಲೂ ಇಲ್ಲ. ನೆಲದಲ್ಲೇ ಇದ್ದು ಕಿಡಿ ಉಗುಳುವುದು ಪರವಾಗಿಲ್ಲ: ಸುರ್‌ಸುರ್ ಬತ್ತಿ, ಹೂಕುಂಡ, ಭೂಚಕ್ರ, ಹಾವಿನ ಮಾತ್ರೆ. ಆದರೆ ಇದು ರಾಜ್ಯದ ಕಾನೂನು. ಇದರ ಮೇಲೆ ಊರೂರಿಗೂ ಬೇರೆ ಬಿಗಿ ಇದೆ. ಡೆನ್ವರ್ ನಗರದೊಳಗೆ ಎಲ್ಲ ಪಟಾಕಿಯೂ ನಿಷಿದ್ಧ. ರಾಷ್ಟ್ರೀಯ ಉದ್ಯಾನ, ರಾಷ್ಟ್ರೀಯ ಅರಣ್ಯದ ಜಾಗದಲ್ಲಿ ವರ್ಷವಿಡೀ ಯಾವುದೂ ಇಲ್ಲ. ಎಸ್ಟೆಸ್ ಪಾರ್ಕ್‌ನ ಸುತ್ತ ಇರುವುದೆಲ್ಲ ಬಹುತೇಕ ಅಂಥ ಜಾಗವೇ. ಹಾಗಾಗಿ ಬೆಟ್ಟಕ್ಕೆ ಹೂಕುಂಡವನ್ನೂ ಒಯ್ಯಬೇಡಿ.

ಯಾರಾದರೂ 'ಉತ್ತರಕ್ಕೆ ಗಾಡಿ ಓಡಿಸಿದರೆ ವಯೋಮಿಂಗ್ ಗಡಿ ದಾಟಿದ ಕೂಡಲೇ ದೊಡ್ಡ ದೊಡ್ಡ ಪಟಾಕಿ ಅಂಗಡಿ ಇದೆ' ಅನ್ನುತ್ತಾರೆ. ಇದೆ, ನಿಜ. ಅಲ್ಲಿ ಮಾರುವುದು ಅಲ್ಲಿ ಸರಿ. ಅಲ್ಲಿಂದ ರಾಕೆಟ್ ತಂದು ಕೊಲರಾಡೊದಲ್ಲಿ ಹಚ್ಚಿದರೆ ತಪ್ಪು. ವೀಸಾದ ಮೇಲೆ ಬಂದ ಅಪ್ಪ ಪಕ್ಕದಲ್ಲಿ ನಿಂತಿರುವಾಗ ಪೊಲೀಸರ ಹತ್ತಿರ ಮಾತಾಡುವ ಪ್ರಸಂಗ ಯಾರಿಗೆ ಬೇಕು?

ಮಗನಿಗೆ 'ಕಾನೂನು ಇಲ್ಲ' ಅಂದರೆ ಸಾಲದು ಅಂತ ಗೊತ್ತು. ಅವನಿಗೆ ಒರೆಗಾನ್ ಹುಡುಗನ ಕತೆ ಹೇಳಿ. 2017ರ ಸೆಪ್ಟೆಂಬರ್ 2. ಕೊಲಂಬಿಯಾ ನದಿಯ ಕಣಿವೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಕಾಲುದಾರಿಯಿಂದ ಕೆಳಗಿನ ಕೊರಕಲಿಗೆ ಪಟಾಕಿ ಎಸೆದ. ಹೊತ್ತಿಕೊಂಡ ಬೆಂಕಿಗೆ ಈಗಲ್ ಕ್ರೀಕ್ ಫೈರ್ ಅಂತ ಹೆಸರು. ಸುಮಾರು 50,000 ಎಕರೆ ಸುಟ್ಟಿತು. ಮರುವರ್ಷ ನ್ಯಾಯಾಧೀಶರು ಅವನು 3.6 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕು ಅಂದರು. ಎಸೆಯುವುದಕ್ಕೆ ಹಿಡಿದದ್ದು ಒಂದು ಸೆಕೆಂಡ್. ಹತ್ತು ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಮಗ ತಕ್ಷಣ ಲೆಕ್ಕ ಹಾಕಿದ್ದ, ತನ್ನ ವಾರದ ಪಾಕೆಟ್ ಮನಿಯಲ್ಲಿ ಅದನ್ನು ತೀರಿಸಲು ಎಷ್ಟು ಸಾವಿರ ವರ್ಷ ಬೇಕು ಅಂತ.

ಎಸ್ಟೆಸ್ ಪಾರ್ಕ್‌ನವರಿಗೆ ಬೆಂಕಿ ಕತೆಯಲ್ಲ. 2020ರ ಅಕ್ಟೋಬರ್‌ನಲ್ಲಿ ಈಸ್ಟ್ ಟ್ರಬಲ್ಸಮ್ ಬೆಂಕಿ ಬೆಟ್ಟಸಾಲಿನ ಆ ಕಡೆಯಿಂದ ಬಂಡೆಗಳನ್ನೇ ಹಾರಿ ಈ ಕಡೆಗೆ ಬಂತು. ಇನ್ನೊಂದು ದಿಕ್ಕಿನಲ್ಲಿ ಕ್ಯಾಮರಾನ್ ಪೀಕ್ ಬೆಂಕಿ ಉರಿಯುತ್ತಿತ್ತು, 2 ಲಕ್ಷ ಎಕರೆಗೂ ಹೆಚ್ಚು, ಕೊಲರಾಡೊ ಇತಿಹಾಸದಲ್ಲೇ ಅತಿ ದೊಡ್ಡದು. ಮಟಮಟ ಮಧ್ಯಾಹ್ನ ಆಕಾಶ ಕಿತ್ತಳೆ ಬಣ್ಣವಾಗಿ, ಆಮೇಲೆ ಕಪ್ಪಾಯಿತು. ಇಡೀ ಊರು ಕಾರು ಹತ್ತಿ ಕೆಳಗಿಳಿಯಿತು. ಅಂಥ ಊರಿನವರು ಒಣ ವರ್ಷದಲ್ಲಿ ಪಟಾಕಿ ರದ್ದು ಮಾಡಿದರೆ ಗೊಣಗುವುದು ನಮಗೆ ಶೋಭೆಯಲ್ಲ. 2012ರ ಬೇಸಿಗೆಯಲ್ಲಿ ಕೊಲರಾಡೊದ ತುಂಬಾ ಊರುಗಳು ಹೀಗೇ ರದ್ದು ಮಾಡಿದ್ದವು. ಈಗ ಕೆಲವು ಬೆಟ್ಟದೂರುಗಳು ಪಟಾಕಿಯನ್ನು ಪೂರ್ತಿ ಕೈಬಿಟ್ಟಿವೆ, ಕೆಲವು ಕಡೆ ಬದಲಿಗೆ ದೀಪದ ಡ್ರೋನ್ ಹಾರಿಸುತ್ತಾರೆ. ಡ್ರೋನ್ ಚೆಂದವೇ, ಆದರೆ ಎದೆಗೆ ಬಡಿಯುವುದಿಲ್ಲ, ಬಿಡಿ.

ಜೂನ್ ಕೊನೆಯ ವಾರದಿಂದ ಎರಡು ಮಾತಿಗೆ ಕಿವಿ ಕೊಡಿ. ಒಂದು 'ಸ್ಟೇಜ್ 1, ಸ್ಟೇಜ್ 2' ಬೆಂಕಿ ನಿರ್ಬಂಧ. ಸ್ಟೇಜ್ ಏರಿದಷ್ಟೂ ಬಿಗಿ. ಇದ್ದಿಲಿನ ಗ್ರಿಲ್, ಕ್ಯಾಂಪ್ ಬೆಂಕಿ ಹೋಗುತ್ತದೆ. ಗುಂಡಿ ತಿರುಗಿಸಿದರೆ ಆರುವ ಗ್ಯಾಸ್ ಒಲೆ ಸಾಮಾನ್ಯವಾಗಿ ಉಳಿಯುತ್ತದೆ. ಇನ್ನೊಂದು 'ರೆಡ್ ಫ್ಲ್ಯಾಗ್ ವಾರ್ನಿಂಗ್'. ಒಣ ಹವೆಗೆ ಜೋರು ಗಾಳಿ ಸೇರಿದಾಗ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆ ಅದು. ನಾಲ್ಕನೇ ತಾರೀಕು ಅದು ಇದ್ದರೆ, ಪಟಾಕಿ ಆಗುವ ಆಸೆ ಅರ್ಧಕ್ಕರ್ಧ ಬಿಟ್ಟುಬಿಡಿ.

ಎಲ್ಲ ಸರಿಯಾಗಿ ಆಯಿತು ಅನ್ನಿ. ಪಟಾಕಿ ಬಿಡುವುದು ಲೇಕ್ ಎಸ್ಟೆಸ್ ಕೆರೆಯ ಮೇಲೆ. ಕೆರೆ ಅಂದರೆ ತಾನಾಗಿ ಆದದ್ದಲ್ಲ, ಒಲಿಂಪಸ್ ಅಣೆಕಟ್ಟಿನ ಹಿನ್ನೀರು. ಜುಲೈ ಮೊದಲ ವಾರ ಇಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಗೆ. ಕತ್ತಲಾಗಿ ಪಟಾಕಿ ಶುರುವಾಗುವಾಗ ಒಂಬತ್ತೂವರೆ. ಮಗಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ.

ಅಪ್ಪ ಖಂಡಿತ ಕೇಳುತ್ತಾರೆ, 'ಸ್ವಾತಂತ್ರ್ಯ ದಿನಕ್ಕೆ ಪಟಾಕಿ ಯಾಕೋ? ಇದೇನು ದೀಪಾವಳಿಯಾ?' ಪಾಪ, ಅವರ ಆಗಸ್ಟ್ 15 ಅಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಧ್ವಜಾರೋಹಣ, ಪ್ರಭಾತಫೇರಿ, ಕೈಗೊಂದು ಬೂಂದಿ ಲಾಡು. ಬೆಳಿಗ್ಗೆ ಹತ್ತಕ್ಕೆಲ್ಲ ಮುಗಿಯಿತು. ಇಲ್ಲಿನ ಹಬ್ಬ ರಾತ್ರಿಯದ್ದು. ಇದಕ್ಕೆ ಹಳೆಯ ಕಾರಣ ಇದೆ. 1776ರ ಜುಲೈ 2ರಂದು ಬ್ರಿಟನ್ನಿನಿಂದ ಬೇರೆಯಾಗುವ ಮತ ಆಯಿತು. ಮಾರನೇ ದಿನ ಸ್ವಾತಂತ್ರ್ಯದ ನಾಯಕರಲ್ಲೊಬ್ಬರಾದ ಜಾನ್ ಆಡಮ್ಸ್ ಹೆಂಡತಿ ಅಬಿಗೇಲ್‌ಗೆ ಕಾಗದ ಬರೆದರು: ಮುಂದಿನ ಪೀಳಿಗೆಗಳು ಈ ದಿನವನ್ನು ಮೆರವಣಿಗೆ, ಆಟ, ತೋಪು, ಗಂಟೆ, ಬೆಂಕಿ, ದೀಪಗಳೊಂದಿಗೆ ಆಚರಿಸಬೇಕು ಅಂತ. ಅವರ ತಲೆಯಲ್ಲಿದ್ದದ್ದು ಜುಲೈ 2. ಆದರೆ ಘೋಷಣೆಯ ಬರಹಕ್ಕೆ ಒಪ್ಪಿಗೆ ಸಿಕ್ಕಿದ್ದು 4ಕ್ಕೆ, ಜನ ಅದನ್ನೇ ಹಿಡಿದುಕೊಂಡರು. ಮರುವರ್ಷವೇ ಫಿಲಡೆಲ್ಫಿಯಾದಲ್ಲಿ ಪಟಾಕಿ ಹಾರಿತು. 2026ಕ್ಕೆ ಈ ಘೋಷಣೆಗೆ 250 ವರ್ಷ. ಅದೇ ವರ್ಷ ಆಗಸ್ಟ್ 1ಕ್ಕೆ ಕೊಲರಾಡೊ ರಾಜ್ಯಕ್ಕೆ 150. ದೇಶಕ್ಕೆ ನೂರು ತುಂಬಿದ ವರ್ಷ ಸೇರಿದ್ದರಿಂದ ಇದಕ್ಕೆ ಸೆಂಟೆನಿಯಲ್ ಸ್ಟೇಟ್ ಅಂತ ಅಡ್ಡಹೆಸರು.

ಇನ್ನೊಂದು ವ್ಯತ್ಯಾಸ ಮೊದಲೇ ಹೇಳಿಬಿಡಿ. ದೀಪಾವಳಿಯಲ್ಲಿ ಪಟಾಕಿ ಹಚ್ಚುವವರು ನಾವು. ಇಲ್ಲಿ ಊರು ಹಚ್ಚುತ್ತದೆ, ಲೈಸೆನ್ಸ್ ಇದ್ದವರು ಹಚ್ಚುತ್ತಾರೆ. ನಮ್ಮ ಕೆಲಸ ಕುರ್ಚಿ ಹಾಕಿಕೊಂಡು ಕೂರುವುದು. ಆರಿಂಚು ಅಡ್ಡಗಲದ ಒಂದು ಗುಂಡು ಸುಮಾರು 600 ಅಡಿ ಮೇಲೆ ಹೋಗಿ ಒಡೆಯುತ್ತದೆ. ಅದು ಮನೆ ಮುಂದೆ ಹಚ್ಚುವ ವಸ್ತುವಲ್ಲ. ಮಗನಿಗೆ ಕೈಗೆಲಸ ಬೇಕಾದರೆ ಬಣ್ಣ ಗುರುತಿಸುವ ಕೆಲಸ ಕೊಡಿ. ಕೆಂಪು ಬಂದರೆ ಸ್ಟ್ರಾನ್ಷಿಯಂ, ಹಸಿರು ಬೇರಿಯಂ, ಹಳದಿ ಸೋಡಿಯಂ, ನೀಲಿ ತಾಮ್ರ. ನೀಲಿ ತರುವುದು ಕಷ್ಟ, ಬಿಸಿ ಸ್ವಲ್ಪ ಜಾಸ್ತಿಯಾದರೂ ಬಣ್ಣ ಹೋಗಿಬಿಡುತ್ತದೆ. ಒಳ್ಳೆ ನೀಲಿ ಎಷ್ಟು ಸಲ ಬಂತು ಅಂತ ಎಣಿಸಲಿ.

ಮಗಳ ವಿಷಯಕ್ಕೆ ಬರೋಣ. ಬೆಟ್ಟದೂರಿನ ಪಟಾಕಿಯಲ್ಲಿ ಒಂದು ವಿಚಿತ್ರ ಇದೆ. ಬಯಲಿನಲ್ಲಿ ಒಂದು ಸಲ ಢಂ ಅಂದರೆ ಮುಗಿಯಿತು. ಇಲ್ಲಿ ಕೆರೆಯ ಪಕ್ಕದಲ್ಲೇ ಪ್ರಾಸ್ಪೆಕ್ಟ್ ಬೆಟ್ಟ, ಉತ್ತರಕ್ಕೆ ಲಂಪಿ ರಿಡ್ಜ್‌ನ ಗ್ರಾನೈಟ್ ಗೋಡೆ. ಶಬ್ದ ಅಲ್ಲಿಗೆ ಹೋಗಿ ಬಡಿದು ವಾಪಸ್ ಬರುತ್ತದೆ. ಢಂ, ಆಮೇಲೆ ಗುಡುಗಿನ ಹಾಗೆ ಗುಡುಗುಡುಗುಡು. ದೊಡ್ಡವರಿಗೆ ಮೈ ಜುಮ್ಮೆನ್ನುತ್ತದೆ. ಮಕ್ಕಳಿಗೆ ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಗೊತ್ತಾಗದೇ ಇರುವುದೇ ಹೆದರಿಕೆ.

ಹಾಗಾಗಿ ಕೆರೆಯ ದಂಡೆಯಲ್ಲಿ ಕೂರಬೇಡಿ. ಒಂದು ಕಿಲೋಮೀಟರ್ ಆಚೆ, ಸ್ವಲ್ಪ ಎತ್ತರದ ಜಾಗ ಹುಡುಕಿ. ಊರೇ ಬೋಗುಣಿಯ ಹಾಗಿದೆ, ಎಲ್ಲಿಂದಲಾದರೂ ಕಾಣುತ್ತದೆ. ಉಳಿದುಕೊಳ್ಳುವ ಕೋಣೆಯ ಕಿಟಕಿಯೇ ಕೆರೆ ಕಡೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಿವಿಗೆ ಮಕ್ಕಳ ಇಯರ್‌ಮಫ್ ಹಾಕಿ. ಮನೆಯಲ್ಲೇ ಎರಡು ದಿನ ಹಾಕಿ ರೂಢಿ ಮಾಡಿಸಿ, ಅಲ್ಲಿ ಹೋಗಿ ಹೊಸದಾಗಿ ಹಾಕಿದರೆ ಕಿತ್ತು ಎಸೆಯುತ್ತಾಳೆ. ಆಮೇಲೆ ಈ ಆಟ ಆಡಿ. ಮಿಂಚು ಗುಡುಗಿಗೆ ಊರಲ್ಲಿ ಎಣಿಸುತ್ತಿದ್ದಿರಲ್ಲ, ಹಾಗೇ. ಶಬ್ದ ಒಂದು ಕಿಲೋಮೀಟರ್ ಬರುವುದಕ್ಕೆ ಮೂರು ಸೆಕೆಂಡ್ ಬೇಕು. ಬೆಳಕು ಅರಳಿತು: ಒಂದು, ಎರಡು, ಮೂರು, ಢಂ! ನಾಲ್ಕನೇ ಸಲಕ್ಕೆ ಅವಳೇ ಎಣಿಸುತ್ತಾಳೆ. ಶಬ್ದ ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ ಅದು ಅರ್ಧ ಸಣ್ಣದಾಗುತ್ತದೆ. ಒಂದು ಸಲ ಒಬ್ಬ ಪುಟ್ಟ ಹುಡುಗಿ ನನ್ನ ಪಕ್ಕ ಕೂತು, ಎಣಿಸಿ ಮುಗಿಸಿ, ಶಬ್ದ ಬರುವ ಮುಂಚೆ 'ಈಗ!' ಅಂತ ತಾನೇ ಆಜ್ಞೆ ಮಾಡುತ್ತಿದ್ದಳು. ಪಟಾಕಿಯೇ ಅವಳ ಮಾತು ಕೇಳುತ್ತಿತ್ತು. ಇಷ್ಟಾದರೂ ಅತ್ತರೆ ಒಬ್ಬರು ಎತ್ತಿಕೊಂಡು ಒಳಗೆ ಹೋಗಿ. ಒತ್ತಾಯ ಬೇಡ.

ಚಳಿ. ಹಗಲು 26 ಡಿಗ್ರಿ ಇದ್ದ ಊರು ರಾತ್ರಿ ಹತ್ತರ ಕೆಳಗೆ ಇಳಿಯುತ್ತದೆ. ಅಪ್ಪನ ಮಂಕಿ ಕ್ಯಾಪ್ ನೋಡಿ ಮಕ್ಕಳು ನಗಬಹುದು, ನಗಲಿ. ಕೆರೆ ಗಾಳಿಗೆ ಅವರೇ ಗೆಲ್ಲುವುದು. ಅಮ್ಮನಿಗೆ ಮಡಚುವ ಕುರ್ಚಿ, ಕಾಲ ಮೇಲೆ ಒಂದು ಕಂಬಳಿ. ನೆಲದ ಮೇಲೆ ಚಾಪೆ ಹಾಸಿ ಕೂರಿಸಬೇಡಿ, ಎದ್ದೇಳುವಾಗ ಮಂಡಿ ಕೇಳುವುದಿಲ್ಲ.

ಅಮ್ಮನಿಗೆ ನಡೆಯೋಕೆ ಎಸ್ಟೆಸ್‌ನಲ್ಲಿ ಒಳ್ಳೆ ಜಾಗಗಳಿವೆ. ಎಲ್ಕ್‌ಹಾರ್ನ್ ಅವೆನ್ಯೂ ಊರಿನ ಪೇಟೆ ಬೀದಿ, ಅದರ ಹಿಂದೆಯೇ ಹೊಳೆ ಪಕ್ಕ ಸಮತಟ್ಟಾದ ದಾರಿ, ಅಲ್ಲಲ್ಲಿ ಬೆಂಚು. ಅಂಗಡಿ ಕಿಟಕಿಯಲ್ಲಿ ಟ್ಯಾಫಿ ಎಳೆಯುವ ಯಂತ್ರ ನೋಡುತ್ತಾ ಮಕ್ಕಳು ಅರ್ಧ ಗಂಟೆ ನಿಲ್ಲುತ್ತಾರೆ. ರಾಕಿ ಮೌಂಟನ್ ಉದ್ಯಾನದ ಒಳಗಾದರೆ ಸ್ಪ್ರೇಗ್ ಲೇಕ್ ಅನ್ನುವ ಕೆರೆ. ಸುತ್ತು ಒಂದು ಮೈಲಿಗೂ ಕಡಿಮೆ, ಗಾಲಿಕುರ್ಚಿ ಹೋಗುವಷ್ಟು ಮಟ್ಟಸ.

ರಾಕಿ ಮೌಂಟನ್ ಉದ್ಯಾನಕ್ಕೆ ಈಚಿನ ವರ್ಷಗಳಲ್ಲಿ ಬೇಸಿಗೆಯಲ್ಲಿ ಹೊತ್ತು ಗೊತ್ತುಮಾಡಿದ ಟೈಮ್ಡ್ ಎಂಟ್ರಿ ಟಿಕೆಟ್ ಬೇಕು. ಜುಲೈ ಟಿಕೆಟ್ ಜೂನ್ 1ರ ಬೆಳಿಗ್ಗೆ ಬಿಡುತ್ತಾರೆ, ರಜೆ ದಿನದ್ದು ಬೇಗ ಖಾಲಿ. ಹಿಂದಿನ ದಿನ ಸಂಜೆ ಒಂದು ಪಾಲು ಮತ್ತೆ ಬಿಡುತ್ತಾರೆ. ಸಿಗದಿದ್ದರೆ ಗಾಬರಿ ಬೇಡ. ಸ್ಪ್ರೇಗ್ ಲೇಕ್ ಇರುವ ಬೇರ್ ಲೇಕ್ ರಸ್ತೆಗೆ ಸಂಜೆ ಆರರ ಮೇಲೆ, ಟ್ರೇಲ್ ರಿಡ್ಜ್ ಕಡೆಗೆ ಬೆಳಿಗ್ಗೆ ಒಂಬತ್ತರ ಮುಂಚೆ ಟಿಕೆಟ್ ಕೇಳುತ್ತಿರಲಿಲ್ಲ. ಆರರ ಮೇಲೆ ಹೋದರೂ ಎರಡು ಗಂಟೆ ಬೆಳಕು ಇರುತ್ತದೆ. 2026ರಿಂದ ವಿದೇಶಿ ಪ್ರವಾಸಿಗರಿಗೆ ಈ ಉದ್ಯಾನದಲ್ಲಿ ಹೆಚ್ಚುವರಿ ಶುಲ್ಕವೂ ಬಂದಿದೆ. ಅಪ್ಪ ಅಮ್ಮ ಆ ಲೆಕ್ಕಕ್ಕೆ ಸೇರುತ್ತಾರೆ, ಉದ್ಯಾನದ ವೆಬ್‌ಸೈಟ್ ನೋಡಿಕೊಂಡೇ ಹೊರಡಿ.

ಊಟದ ವಿಷಯ. ಅಡಿಗೆಮನೆ ಇರುವ ಕೋಣೆ ಹಿಡಿದರೆ ಒಂದು ಮಾತು: ಈ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ತಪ್ಪಲೆಯಲ್ಲಿಟ್ಟ ಬೇಳೆ ಕುದಿಯುತ್ತದೆ, ಬೇಯುವುದಿಲ್ಲ. ಅಮ್ಮ 'ಇಲ್ಲಿನ ಬೇಳೆ ಸರಿಯಿಲ್ಲ' ಅಂತ ಅದನ್ನೇ ಬೈಯುತ್ತಾರೆ. ಕುಕ್ಕರ್ ಒಯ್ಯಿರಿ. ಇಲ್ಲವೇ ಮನೆಯಿಂದಲೇ ಚಿತ್ರಾನ್ನ, ಚಪಾತಿ, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಳ್ಳಿ. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ತಿನ್ನಲು ಏನಾದರೂ ಕೈಚೀಲದಲ್ಲೇ ಇರಲಿ. ಶುಗರ್ ಮಾತ್ರೆ ನುಂಗಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಕಷ್ಟ. ಡಬ್ಬಿಗಳನ್ನು ರಾತ್ರಿ ಕಾರಿನಲ್ಲಿ ಮಾತ್ರ ಬಿಡಬೇಡಿ. ಕರಡಿಗಳು ಬರುತ್ತವೆ. ಬಾಗಿಲು ತೆಗೆಯುವುದನ್ನೂ ಕಲಿತಿವೆ.

ಕೋಣೆಯನ್ನು ಈಗಲೇ ಬುಕ್ ಮಾಡಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದು. 3 ಮತ್ತು 4, ಎರಡು ರಾತ್ರಿ. ಸಿಗದಿದ್ದರೆ ಕೆಳಗಿನ ಲವ್‌ಲ್ಯಾಂಡ್ ಅಥವಾ ಲಾಂಗ್‌ಮಾಂಟ್‌ನಲ್ಲಿ ಉಳಿದುಕೊಂಡು ಹಗಲು ಮೇಲೆ ಹೋಗಿ ಬನ್ನಿ, ರಾತ್ರಿಯ ಪಟಾಕಿ ಕೆಳಗಿನ ಊರಲ್ಲೇ ನೋಡಿ. ನಾಲ್ಕರ ರಾತ್ರಿ ಪಟಾಕಿ ಮುಗಿಸಿ ಡೆನ್ವರ್‌ಗೆ ಓಡಿಸುವುದು ಬೇಡವೇ ಬೇಡ. ಮಾಮೂಲಿ ದಿನ ಒಂದೂವರೆ ಗಂಟೆಯ ದಾರಿ. ಅವತ್ತು ಊರು ದಾಟುವುದಕ್ಕೇ ಅಷ್ಟು ಹಿಡಿಯುತ್ತದೆ. ಕತ್ತಲಲ್ಲಿ ಎಲ್ಕ್ ಜಿಂಕೆಗಳು ರಸ್ತೆಗೆ ಬರುತ್ತವೆ, ಹಿಂದಿನ ಸೀಟಿನಲ್ಲಿ ಎಲ್ಲರೂ ಮಲಗಿರುತ್ತಾರೆ, ನಿಮಗೂ ಕಣ್ಣು ಎಳೆಯುತ್ತದೆ.

ಐದನೇ ತಾರೀಕು ಟ್ರೇಲ್ ರಿಡ್ಜ್‌ಗೆ ಹೋದರೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದೊಳಗೆ ಇಳಿದುಬಿಡಿ. ಜುಲೈನಲ್ಲಿ ಮಧ್ಯಾಹ್ನ ಸಿಡಿಲು ಮಳೆ ಮಾಮೂಲು, ಮೇಲೆ ಒಂದು ಮರವೂ ಇಲ್ಲ. ಮನೆಗೆ ಹೊರಡುವಾಗ ದಾರಿ 36 ಹಿಡಿಯಬಹುದು, ಇಲ್ಲವೇ ಬಿಗ್ ಥಾಂಪ್ಸನ್ ಕಣಿವೆಯ ದಾರಿ 34. ಕಣಿವೆಯಲ್ಲಿ ಅಲ್ಲಲ್ಲಿ ಒಂದು ಬೋರ್ಡ್ ಕಾಣುತ್ತದೆ: ಪ್ರವಾಹ ಬಂದರೆ ಬೆಟ್ಟ ಹತ್ತಿ ಅಂತ. ಮಗ ಕೇಳುತ್ತಾನೆ, ಹೇಳಿ. 1976ರ ಜುಲೈ 31, ಕೊಲರಾಡೊಗೆ ನೂರು ತುಂಬುವ ಹಬ್ಬದ ಹಿಂದಿನ ರಾತ್ರಿ, ಕಣಿವೆ ತುಂಬಾ ರಜೆಗೆ ಬಂದ ಜನ. ಮೇಲೆ ಎಲ್ಲೋ ಸುರಿದ ಮಳೆ ಒಮ್ಮೆಗೇ ಇಳಿದು ಬಂತು. 144 ಜನ ಸತ್ತರು. ಕಾರಿನಲ್ಲೇ ಓಡಿ ಪಾರಾಗಲು ನೋಡಿದವರು ಹಲವರು. ಆಕಾಶ ಕಪ್ಪಾಗಿದ್ದರೆ ಆ ದಾರಿ ಬಿಟ್ಟು 36ರಲ್ಲೇ ಬನ್ನಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬರಬೇಡಿ, ಆಗುಂಬೆ ಘಾಟಿಯಲ್ಲಿ ಬಸ್ ಡ್ರೈವರುಗಳು ಮಾಡುವ ಹಾಗೆ ಕೆಳಗಿನ ಗೇರಿಗೆ ಹಾಕಿ. ಅಪ್ಪ ಮುಂದಿನ ಸೀಟಿನಲ್ಲಿದ್ದರೆ ಹೇಗೂ ಅವರೇ ಹೇಳುತ್ತಾರೆ.